ಮಾತಾಡಿದರೆ ಮುತ್ತು ಉದುರುತ್ತಾ?

"ಅವತ್ತೇ ಹೇಳಿದ್ದೆನಲ್ಲ" ಅಂದೆ.

"ಯಾವತ್ತು?" ಅಂದಳು ಅಕ್ಕ.

ನನಗೆ ಎಲ್ಲ ನೆನಪಿತ್ತು, ನೆನಪಿದ್ದದ್ದನ್ನೆಲ್ಲ ಹೇಳಿದೆ. ಸಂಜೆ ಹೊತ್ತು, ಕಿಟಕಿ ಪಕ್ಕ ನಿಂತಿದ್ದೆ, ಹೊರಗೆ ಮಳೆ ಆಗಷ್ಟೇ ನಿಂತಿತ್ತು. ಈ ಕೆಲಸ ಬಿಟ್ಟುಬಿಡೋಣ ಅಂದುಕೊಂಡಿದ್ದೇನೆ, ಮೂರು ತಿಂಗಳಿಂದ ಸರಿಯಾಗಿ ನಿದ್ದೆ ಇಲ್ಲ ಅಂತ ಫೋನಿನಲ್ಲಿ ಅವಳಿಗೆ ಹೇಳಿದ್ದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಿಡು, ಮುಂದಿನದು ಆಮೇಲೆ ನೋಡಿಕೊಂಡರಾಯಿತು" ಅಂದಿದ್ದಳು. ಆ ಒಂದು ಮಾತಿನ ಬಲದ ಮೇಲೆ ರಾಜೀನಾಮೆ ಕೊಟ್ಟಿದ್ದೆ. ಈಗ ನೋಡಿದರೆ ವಿಷಯ ಅವಳಿಗೆ ಬೇರೆ ಯಾರಿಂದಲೋ ಗೊತ್ತಾಗಿ, ಮುಖ ಊದಿಸಿಕೊಂಡು ಕೂತಿದ್ದಾಳೆ.

"ನೀನು ನನಗೆ ಹೇಳೇ ಇಲ್ಲ. ಹೇಳಿದ್ದರೆ ನಾನು ಸ್ವಲ್ಪ ಹೊತ್ತು ಸುಮ್ಮನಿರುತ್ತಿದ್ದೆನಾ? ಹುಟ್ಟಿದಾಗಿಂದ ಯಾವತ್ತಾದರೂ ಸುಮ್ಮನಿದ್ದೀನಾ? ಅಲ್ಲೇ ಗೊತ್ತಾಗಲ್ವಾ ಅದು ನಾನಲ್ಲ ಅಂತ?"

ಫೋನು ತೆಗೆದು ಹಳೆಯ ಕರೆಗಳನ್ನೆಲ್ಲ ಹುಡುಕಿದೆ. ಆ ವಾರ ಅವಳಿಗೆ ಫೋನೇ ಮಾಡಿರಲಿಲ್ಲ. ಹೇಗೆ ಶುರು ಮಾಡಬೇಕು, ಅವಳು ಹೀಗಂದರೆ ನಾನು ಏನನ್ನಬೇಕು ಅಂತ ನಾಲ್ಕೈದು ದಿನ ಮನಸ್ಸಿನಲ್ಲೇ ತಾಲೀಮು ಮಾಡಿದ್ದೆ. ಎಷ್ಟು ಚೆನ್ನಾಗಿ ಮಾಡಿದ್ದೆನೆಂದರೆ, ಕೊನೆಗೆ ಮಾತಾಡುವ ಅಗತ್ಯವೇ ಬೀಳಲಿಲ್ಲ. ಇಡೀ ಮಾತುಕತೆ, ಅವಳ ಉತ್ತರದ ಸಮೇತ, ತಲೆಯೊಳಗೇ ನಡೆದು ಮುಗಿದುಹೋಗಿತ್ತು.

ನನಗೆ ತಲೆ ಕೆಟ್ಟಿದೆ ಅಂದುಕೊಳ್ಳಬೇಡಿ. ಮಾರ್ಸಿಯಾ ಜಾನ್ಸನ್ ಮತ್ತು ಕ್ಯಾರಲ್ ರೇ ಎಂಬ ಇಬ್ಬರು ಮನೋವಿಜ್ಞಾನಿಗಳು 1981ರಲ್ಲೇ ಇದರ ಬಗ್ಗೆ ಬರೆದಿದ್ದಾರೆ. ನೆನಪಿನ ಮೇಲೆ 'ಇದು ಹೊರಗೆ ನಡೆದದ್ದು', 'ಇದು ನಾನೇ ಊಹಿಸಿಕೊಂಡದ್ದು' ಅಂತ ಚೀಟಿ ಅಂಟಿಸಿರುವುದಿಲ್ಲವಂತೆ. ನೆನಪಾದಾಗ ಮನಸ್ಸು ಸುಳಿವು ಹಿಡಿದು ತೀರ್ಮಾನ ಮಾಡುತ್ತದೆ. ನಿಜವಾಗಿ ನಡೆದದ್ದರಲ್ಲಿ ಬಣ್ಣ, ಸದ್ದು, ಜಾಗ, ಹೊತ್ತು ಇವೆಲ್ಲ ಜಾಸ್ತಿ ಇರುತ್ತವೆ. ಊಹೆಯಲ್ಲಿ ಅವು ಕಡಿಮೆ, ಯೋಚನೆ ಮಾಡಿದ ಶ್ರಮದ ಗುರುತು ಜಾಸ್ತಿ. ಸರಿ, ಆದರೆ ಊಹೆಯಲ್ಲೇ ಕಿಟಕಿ ಇಟ್ಟು, ಮಳೆ ನಿಲ್ಲಿಸಿ, ಎದುರಿನವರ ಬಾಯಿಗೆ ಮಾತು ಕೊಡುವ ಅಭ್ಯಾಸ ಇದ್ದವರ ಗತಿ? ಅವರು ಅಕ್ಕನ ಹತ್ತಿರ ಬೈಸಿಕೊಳ್ಳುತ್ತಾರೆ.

ಚಿಕ್ಕಂದಿನಿಂದ ಕೇಳಿದ ಮಾತುಗಳು ಒಂದೆರಡಲ್ಲ. ಬಾಯಿಗೆ ಬೀಗ ಹಾಕಿಕೊಂಡಿದ್ದೀಯಾ? ಮೂಗನ ಹಾಗೆ ಕೂತಿದ್ದೀಯಲ್ಲ? ಮಾತಾಡಿದರೆ ಮುತ್ತು ಉದುರುತ್ತಾ? ಶಾಲೆಯ ಅಂಕಪಟ್ಟಿಯಲ್ಲಿ ಒಂದು ವರ್ಷ 'ಓದಿನಲ್ಲಿ ಮುಂದು, ಮಾತು ಕಡಿಮೆ, ಸುಧಾರಿಸಬೇಕು' ಅಂತ ಬರೆದು ಕಳಿಸಿದ್ದರು. ಮಾತು ಕಡಿಮೆ ಇರುವುದು ಗಣಿತದಲ್ಲಿ ನಪಾಸಾದ ಹಾಗೆ ಒಂದು ಕೊರತೆ ಅಂತ ನನಗೆ ಗೊತ್ತಾಗಿದ್ದು ಆವಾಗಲೇ. ನಮ್ಮ ಪರ ವಹಿಸುವವರೂ ಇದ್ದಾರೆ ಅನ್ನಿ. ಅವರು 'ತುಂಬಿದ ಕೊಡ ತುಳುಕುವುದಿಲ್ಲ' ಅಂದು ಬೆನ್ನು ತಟ್ಟುತ್ತಾರೆ. ಆ ಗಾದೆ ಕೇಳಿದಾಗಲೆಲ್ಲ ನನಗೊಂದು ಅನುಮಾನ. ಖಾಲಿ ಕೊಡವೂ ತುಳುಕುವುದಿಲ್ಲ, ಅಲ್ವಾ? ಹೊರಗೆ ನಿಂತು ನೋಡುವವರಿಗೆ ಎರಡರ ವ್ಯತ್ಯಾಸ ಗೊತ್ತಾಗುವುದಾದರೂ ಹೇಗೆ?

ಅಂತರ್ಮುಖಿ ಅನ್ನುವ ಪದ ನನಗೆ ಇಷ್ಟ. ಮುಖ ಒಳಗಡೆಗೆ ತಿರುಗಿದೆ, ಅಷ್ಟೇ. ಅದರಲ್ಲಿ ಹೆದರಿಕೆಯ ಮಾತಿಲ್ಲ, ಮೌನದ ಮಾತೂ ಇಲ್ಲ. 1921ರಲ್ಲಿ ಕಾರ್ಲ್ ಯೂಂಗ್ ಎಂಬ ಮನೋವಿಜ್ಞಾನಿ ಈ ಬಗೆಯ ವಿಂಗಡಣೆಯನ್ನು ಪ್ರಸಿದ್ಧಿಗೆ ತಂದಾಗ ಅವನು ಹೇಳಿದ್ದೂ ದಿಕ್ಕಿನ ಬಗ್ಗೆಯೇ, ಮನಸ್ಸಿನ ಆಸಕ್ತಿ ಸಹಜವಾಗಿ ಯಾವ ಕಡೆ ಹರಿಯುತ್ತದೆ ಅಂತ. ನಾಚಿಕೆ ಬೇರೆ. ನಾಚಿಕೆಯವರಿಗೆ ಜನರ ಜೊತೆ ಬೆರೆಯುವ ಆಸೆ ಇರುತ್ತದೆ, ಭಯ ಅಡ್ಡ ಬರುತ್ತದೆ. ನನಗೆ ಭಯವಿಲ್ಲ. ನೂರು ಜನರ ಮುಂದೆ ನಿಂತು ಅರ್ಧ ಗಂಟೆ ಮಾತಾಡು ಅಂದರೆ ಮಾತಾಡಿಬಿಡುತ್ತೇನೆ. ಆಮೇಲೆ ಮಾತ್ರ ಒಂದು ಕೋಣೆ ಬೇಕು, ಬಾಗಿಲು ಮುಚ್ಚಬೇಕು.

ಇದನ್ನು ವಿವರಿಸುವಾಗ ಎಲ್ಲರೂ ಮೊಬೈಲ್ ಬ್ಯಾಟರಿಯ ಉದಾಹರಣೆ ಕೊಡುತ್ತಾರೆ. ನನಗೆ ಅದನ್ನು ಕೇಳಿ ಕೇಳಿ ಸಾಕಾಗಿದೆ. ಅದಕ್ಕಿಂತ ನಿಂಬೆಹಣ್ಣಿನ ಕಥೆ ವಾಸಿ. 1960ರ ದಶಕದಲ್ಲಿ ಹಾನ್ಸ್ ಐಸೆಂಕ್ ಎಂಬ ಮನೋವಿಜ್ಞಾನಿ ಜನರ ನಾಲಿಗೆ ಮೇಲೆ ಒಂದಿಷ್ಟು ನಿಂಬೆರಸ ಹಾಕಿ, ಎಷ್ಟು ಜೊಲ್ಲು ಬರುತ್ತದೆ ಅಂತ ಅಳೆದ. ಅಂತರ್ಮುಖಿಗಳಿಗೆ ಜಾಸ್ತಿ ಬಂತು. ಅವರ ಮೆದುಳು ಮೊದಲೇ ಸಾಕಷ್ಟು ಎಚ್ಚರದ ಸ್ಥಿತಿಯಲ್ಲಿರುತ್ತದೆ, ಹೊರಗಿನಿಂದ ಸ್ವಲ್ಪ ತಾಗಿದರೂ ಬಹಳವಾಗುತ್ತದೆ ಅನ್ನುವುದು ಅವನ ವಾದ. ಮೆದುಳಿನ ಕಥೆ ಅಷ್ಟು ಸರಳವಲ್ಲ ಅಂತ ಆಮೇಲೆ ಬಂದವರು ತೋರಿಸಿದರು. ಆದರೂ ಹತ್ತು ಜನ ಒಟ್ಟಿಗೆ ಮಾತಾಡುವ ಕಡೆ ಹೋಗಿ ಕೂತಾಗೆಲ್ಲ ಯಾರೋ ನಾಲಿಗೆ ಮೇಲೆ ನಿಂಬೆಹಣ್ಣು ಹಿಂಡಿದ ಹಾಗೇ ಆಗುತ್ತದೆ ನನಗೆ.

ಹಾರ್ವರ್ಡ್‌ನ ಜೆರೋಮ್ ಕೇಗನ್ ಎಂಬ ಮನೋವಿಜ್ಞಾನಿ ನಾಲ್ಕು ತಿಂಗಳ ಕೂಸುಗಳನ್ನು ಪರೀಕ್ಷಿಸಿದ. ಹೊಸ ಆಟಿಕೆ, ಹೊಸ ದನಿ, ಹೊಸ ವಾಸನೆ ಕೊಟ್ಟಾಗ ಸುಮಾರು ಐದರಲ್ಲಿ ಒಂದು ಮಗು ಕೈಕಾಲು ಬಡಿದು ಜೋರಾಗಿ ಅತ್ತಿತು. ಬೆಳೆಯುತ್ತಾ ಹೋದಂತೆ ಮಾತು ಕಡಿಮೆ, ಎಚ್ಚರ ಜಾಸ್ತಿ ಆಗುವ ಸಂಭವ ಹೆಚ್ಚಿದ್ದದ್ದು ಈ ಅತ್ತ ಕೂಸುಗಳಿಗೇ. ಎಲ್ಲರೂ ಹಾಗಾದರು ಅಂತಲ್ಲ. ಆದರೂ ತಮಾಷೆ ನೋಡಿ, ತೊಟ್ಟಿಲಲ್ಲಿ ಮನೆ ಹಾರಿಹೋಗುವ ಹಾಗೆ ಅತ್ತವರೇ ಮುಂದೆ 'ಮಾತು ಕಡಿಮೆ, ಸುಧಾರಿಸಬೇಕು' ಅನ್ನಿಸಿಕೊಳ್ಳುತ್ತಾರೆ.

ಒಳಗೆ ಏನಿರುತ್ತದೆ ಅಂತ ಕೇಳುವವರಿಗೆ ನಾನು ಹೇಳಬಹುದಾದದ್ದು ಇಷ್ಟು. ಶಾಂತಿ ಅಂತೂ ಇರುವುದಿಲ್ಲ. ನಮ್ಮಂಥವರನ್ನು ನೋಡಿ ಜನ ಏನೋ ಒಂದು ತಿಳಿನೀರಿನ ಕೆರೆ ಕಲ್ಪಿಸಿಕೊಳ್ಳುತ್ತಾರೆ. ಅಸಲಿಗೆ ಅದು ಜಾತ್ರೆ. ಹತ್ತು ವರ್ಷದ ಹಿಂದೆ ಯಾರೋ ಅಂದ ಮಾತಿಗೆ ಇವತ್ತು ಮಧ್ಯಾಹ್ನ ಸರಿಯಾದ ಉತ್ತರ ಹೊಳೆಯುತ್ತದೆ, ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಆ ಉತ್ತರವನ್ನು ಅಲ್ಲಿಗೇ ಬಿಡುವುದಿಲ್ಲ. ಇನ್ನೊಂದು ಸಲ, ಇನ್ನೂ ಮೊನಚಾಗಿ ಹೇಳಿ ನೋಡುತ್ತೇವೆ. ಎದುರಿನವರು ತಬ್ಬಿಬ್ಬಾಗುತ್ತಾರೆ. ಆಮೇಲೆ ಪಾಪ ಅನ್ನಿಸಿ ಅವರಿಗೂ ಒಂದು ಒಳ್ಳೆಯ ಮಾತು ಕೊಡುತ್ತೇವೆ. ಗೆದ್ದದ್ದೂ ನಾವೇ, ಸೋತದ್ದೂ ನಾವೇ, ರಾಜಿ ಮಾಡಿಸಿದ್ದೂ ನಾವೇ. ಇಷ್ಟೆಲ್ಲ ಆಗುವಾಗ ಪಕ್ಕದಲ್ಲಿ ಕೂತವರಿಗೆ ಕಾಣುವುದು ಕಿಟಕಿಯಿಂದ ಹೊರಗೆ ನೋಡುತ್ತಿರುವ ಒಂದು ಆಸಾಮಿ.

ಇದರ ಜೊತೆಗೆ ನೋಡಿದ್ದನ್ನೆಲ್ಲ ಎತ್ತಿಟ್ಟುಕೊಳ್ಳುವ ಚಟ. ಆ ಗುಂಪಿನಲ್ಲಿ ಒಬ್ಬರು ಏನೋ ಹೇಳಲು ಬಾಯಿ ತೆರೆದರು, ಇನ್ನೊಬ್ಬರು ಅಡ್ಡ ಬಂದರು, ಇವರು ನಕ್ಕು ಸುಮ್ಮನಾದರು. ಆ ನಗು ಹೇಗಿತ್ತು ಅಂತ ನನಗೆ ವಾರಗಟ್ಟಲೆ ನೆನಪಿರುತ್ತದೆ. ಅವರು ಏನು ಹೇಳಲು ಹೊರಟಿದ್ದರು ಅಂತ ಎಷ್ಟೋ ರಾತ್ರಿ ಯೋಚಿಸುತ್ತೇನೆ. ಅವರನ್ನೇ ಕೇಳಬಹುದಿತ್ತು, ಹೌದು. ಕೇಳುವುದಿಲ್ಲ.

ಇನ್ನು ನನ್ನ ತಲೆಯೊಳಗಿನ ರೈಲು. ಇದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ, ಅಕ್ಕನಿಗೂ. ಎಂಟು ವರ್ಷದವಳೋ ಒಂಬತ್ತು ವರ್ಷದವಳೋ ಇದ್ದಾಗ ನಿದ್ದೆ ಬಾರದ ಒಂದು ರಾತ್ರಿ ಅದು ಹೊರಟಿತು. ಹದಿನಾಲ್ಕು ನಿಲ್ದಾಣ. ಪ್ರತಿಯೊಂದಕ್ಕೂ ಹೆಸರು, ಒಂದು ನೀರಿನ ತೊಟ್ಟಿ, ಒಂದು ಮರ. ಬರುವ ಹೊತ್ತು, ಹೊರಡುವ ಹೊತ್ತು ಎಲ್ಲ ಬಾಯಿಪಾಠ. ಆದರೂ ರೈಲು ದಿನಾ ತಡ. ಯಾಕೆಂದರೆ ಏಳನೇ ನಿಲ್ದಾಣದ ಮಾಸ್ತರರಿಗೆ ಮಾತಿನ ಹುಚ್ಚು. ಇಳಿದವರನ್ನು, ಹತ್ತುವವರನ್ನು, ಡ್ರೈವರನ್ನು, ಒಬ್ಬರನ್ನೂ ಬಿಡದೆ ಮಾತಾಡಿಸುತ್ತಾ ಹಸಿರು ಬಾವುಟ ತೋರಿಸುವುದನ್ನೇ ಮರೆತುಬಿಡುತ್ತಿದ್ದರು. ಆ ಮನುಷ್ಯನ ಮೇಲೆ ನನಗೆ ಎಷ್ಟು ಸಿಟ್ಟು ಬರುತ್ತಿತ್ತು! ಆದರೆ ಒಂದು ದಿನವೂ ಅವರನ್ನು ಕೆಲಸದಿಂದ ತೆಗೆಯಲಿಲ್ಲ, ತೆಗೆಯುವ ಅಧಿಕಾರವೆಲ್ಲ ನನ್ನದೇ ಆಗಿದ್ದರೂ. ಈಗ ನನ್ನ ತಲೆಗೂದಲು ನೆರೆಯಲು ಶುರುವಾಗಿದೆ. ನಿದ್ದೆ ಬಾರದಿದ್ದರೆ ಈಗಲೂ ಮೊದಲ ನಿಲ್ದಾಣದಿಂದ ಹೊರಡುತ್ತೇನೆ. ಹತ್ತನೆಯದನ್ನು ದಾಟಿದ್ದು ಕಡಿಮೆ.

ಮನಸ್ಸಿನಲ್ಲೇ ಮಂಡಿಗೆ ತಿನ್ನುವುದು ಅಂತ ಇದಕ್ಕೆ ಒಂದು ಹೀಯಾಳಿಕೆಯ ಮಾತಿದೆ. ಇರಲಿ. ಇಂಗ್ಲೆಂಡಿನ ಹೆಸರಾಂತ ಕಾದಂಬರಿಕಾರ್ತಿಯರಿದ್ದ ಬ್ರಾಂಟೆ ಮನೆಯ ಮಕ್ಕಳೂ ಇದನ್ನೇ ತಿಂದವರು. 1826ರಲ್ಲಿ ಅಪ್ಪ ತಂದುಕೊಟ್ಟ ಒಂದು ಪೆಟ್ಟಿಗೆ ಮರದ ಸೈನಿಕರಿಂದ ಶುರುವಾಗಿ, ಷಾರ್ಲೆಟ್, ಬ್ರಾನ್‌ವೆಲ್, ಎಮಿಲಿ, ಆನ್ ನಾಲ್ವರೂ ಸೇರಿ ನಗರ ಕಟ್ಟಿದರು, ರಾಜ್ಯ ಕಟ್ಟಿದರು, ಯುದ್ಧ ಮಾಡಿದರು, ಅದರ ಸುದ್ದಿಯನ್ನು ಇರುವೆ ಸಾಲಿನಂಥ ಅಕ್ಷರಗಳಲ್ಲಿ ಅಂಗೈಗಿಂತ ಚಿಕ್ಕ ಪುಸ್ತಕಗಳಲ್ಲಿ ಬರೆದರು. ಎಮಿಲಿ ಮತ್ತು ಆನ್ ಕಟ್ಟಿದ ರಾಜ್ಯದ ಹೆಸರು ಗೊಂಡಾಲ್. 1845ರಲ್ಲಿ ಇಬ್ಬರೂ ಯಾರ್ಕ್ ಕಡೆ ಪ್ರವಾಸ ಹೋದಾಗ, ದಾರಿಯುದ್ದಕ್ಕೂ ಗೊಂಡಾಲಿನ ರಾಜಕುಮಾರ, ರಾಜಕುಮಾರಿಯರಾಗಿ ಆಡಿಕೊಂಡು ಹೋದರಂತೆ. ಎಮಿಲಿಗೆ ಆಗ 26 ವರ್ಷ. ಅದನ್ನು ಓದಿದಾಗ ನನಗೆ ಮೊದಲು ಆದದ್ದು ಖುಷಿ, ಆಮೇಲೆ ಹೊಟ್ಟೆಕಿಚ್ಚು. ಅವರ ಲೋಕದಲ್ಲಿ ಒಬ್ಬಳು ತಂಗಿಗೆ ಜಾಗ ಇತ್ತಲ್ಲ.

ಸುಮ್ನೆ ಕೂತಿದ್ದೀಯಲ್ಲ ಅನ್ನುವವರಿಗೆ ಕೊಡಲು ಈಗ ನನ್ನ ಹತ್ತಿರ ಒಂದು ಉತ್ತರವಿದೆ. ಮೆದುಳು ನಮ್ಮ ತೂಕದಲ್ಲಿ ಸುಮಾರು 2 ಶೇಕಡಾ. ಆದರೆ ನಾವು ಸುಮ್ಮನೆ ಮಲಗಿದ್ದಾಗಲೂ ದೇಹದ ಶಕ್ತಿಯಲ್ಲಿ ಹತ್ತಿರ ಹತ್ತಿರ 20 ಶೇಕಡಾ ಅದೇ ನುಂಗುತ್ತದೆ. ಲೆಕ್ಕ ಮಾಡು, ಪುಸ್ತಕ ಓದು ಅಂತ ಕೆಲಸ ಕೊಟ್ಟರೆ ಆ ಖರ್ಚು ಏರುವುದು ಬಹಳ ಸ್ವಲ್ಪ. ಅಂದರೆ ಕೆಲಸವಿಲ್ಲದಾಗಲೂ ಒಲೆ ಉರಿಯುತ್ತಲೇ ಇರುತ್ತದೆ. ಮಾರ್ಕಸ್ ರೈಕಲ್ ಎಂಬ ನರವಿಜ್ಞಾನಿ ಮತ್ತು ಸಂಗಡಿಗರು 2001ರಲ್ಲಿ ಇನ್ನೊಂದು ವಿಚಿತ್ರ ತೋರಿಸಿದರು. ಹೊರಗಿನ ಕೆಲಸದಲ್ಲಿ ಮುಳುಗಿದಾಗ ಮೆದುಳಿನ ಕೆಲವು ಭಾಗಗಳು ತಣ್ಣಗಾಗುತ್ತವೆ, ಸುಮ್ಮನಿದ್ದಾಗ ಅವೇ ಚುರುಕಾಗುತ್ತವೆ. ಹಳೆಯ ನೆನಪು, ನಾಳೆಯ ಯೋಚನೆ, ಇನ್ನೊಬ್ಬರ ಮನಸ್ಸಿನಲ್ಲಿ ಏನಿರಬಹುದು ಅನ್ನುವ ಊಹೆ, ಇವೆಲ್ಲ ನಡೆಯುವಾಗ ಕೆಲಸ ಮಾಡುವುದು ಆ ಭಾಗಗಳೇ. ಇದು ಎಲ್ಲರ ತಲೆಯಲ್ಲೂ ಇದೆ. ನಮ್ಮಂಥವರು ಅಲ್ಲಿ ಸ್ವಲ್ಪ ಜಾಸ್ತಿ ಹೊತ್ತು ಬಿಡಾರ ಹೂಡುತ್ತೇವೆ ಅಂತ ನನ್ನ ಅಂದಾಜು.

ಎಲ್ಲರಿಗೂ ಅಲ್ಲಿ ಇರುವುದು ಹಿತವಾಗಿರುವುದಿಲ್ಲ. ತಿಮೊಥಿ ವಿಲ್ಸನ್ ಮತ್ತು ಜೊತೆಗಾರರು 2014ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ ಜನರನ್ನು 15 ನಿಮಿಷ ಖಾಲಿ ಕೋಣೆಯಲ್ಲಿ ಕೂರಿಸಿದರು. ಫೋನಿಲ್ಲ, ಪುಸ್ತಕವಿಲ್ಲ, ಬರೀ ಯೋಚನೆ. ಬೇಕಿದ್ದರೆ ಒಂದು ಗುಂಡಿ ಒತ್ತಿ ತಮಗೆ ತಾವೇ ಕರೆಂಟ್ ಶಾಕ್ ಕೊಟ್ಟುಕೊಳ್ಳಬಹುದು. ಆ ಶಾಕ್ ತಪ್ಪಿಸಿಕೊಳ್ಳಲು ದುಡ್ಡು ಬೇಕಾದರೂ ಕೊಡುತ್ತೇವೆ ಅಂದಿದ್ದವರೇ ಅವರು. ಆದರೂ 18 ಗಂಡಸರಲ್ಲಿ 12 ಜನ, 24 ಹೆಂಗಸರಲ್ಲಿ 6 ಜನ ಗುಂಡಿ ಒತ್ತಿದರು. ಒಬ್ಬ ಮಹಾಶಯನಂತೂ 190 ಸಲ. ನನಗೆ ಮೊದಲು ನಗು ಬಂತು. ಆಮೇಲೆ ಬೆಳಗಿನ ಜಾವ ಮೂರು ಗಂಟೆಗೆ ಎಚ್ಚರವಾಗಿ, ಎಂದೋ ಯಾರ ಮುಂದೆಯೋ ಆಡಿದ ಒಂದು ಪೆದ್ದು ಮಾತನ್ನು ನೂರನೇ ಸಲ ಕೇಳಿಸಿಕೊಳ್ಳುವಾಗ ಅನ್ನಿಸಿತು, ಕೈಗೆ ಸಿಕ್ಕರೆ ನಾನೂ ಆ ಗುಂಡಿ ಒತ್ತುತ್ತೇನೆ. ಒಳಗಿನ ಲೋಕ ಶ್ರೀಮಂತ ಅನ್ನುವಾಗ ಇದನ್ನು ಯಾರೂ ಹೇಳುವುದಿಲ್ಲ. ಅಲ್ಲಿ ಚಿನ್ನವೂ ಕೂಡಿರುತ್ತದೆ, ಸಾಲವೂ ಕೂಡಿರುತ್ತದೆ.

ಶಾಕ್ ಅಂದಾಗ ಹೆನ್ರಿ ಕ್ಯಾವೆಂಡಿಷ್ ನೆನಪಾಗುತ್ತಾನೆ. ನನ್ನ ಪಾಲಿಗೆ ಅವನು ನಮ್ಮ ಕುಲದ ಮೂಲಪುರುಷ. 1731ರಲ್ಲಿ ಹುಟ್ಟಿದ ಇಂಗ್ಲಿಷ್ ವಿಜ್ಞಾನಿ, ಭಾರೀ ಶ್ರೀಮಂತ, ಮಾತೆಂದರೆ ಮೈಲು ದೂರ. ಊಟಕ್ಕೆ ಏನು ಬೇಕು ಅಂತ ಕೆಲಸದವರಿಗೆ ಚೀಟಿ ಬರೆದಿಡುತ್ತಿದ್ದ. ವಿಜ್ಞಾನಿಗಳ ಕೂಟಕ್ಕೆ ಮಾತ್ರ ತಪ್ಪದೆ ಹೋಗುತ್ತಿದ್ದ. ಅವನ ಅಭಿಪ್ರಾಯ ಬೇಕಾದವರು ಅವನ ಮುಖ ನೋಡದೆ, ಪಕ್ಕದ ಗಾಳಿಯ ಜೊತೆ ಮಾತಾಡಿದ ಹಾಗೆ ವಿಷಯ ಎತ್ತಬೇಕಿತ್ತು. ಅದೃಷ್ಟವಿದ್ದರೆ ಗೊಣಗಿದ ಹಾಗೆ ಒಂದು ಉತ್ತರ ಬರುತ್ತಿತ್ತು. ಅವನು ಭೂಮಿಯ ಸಾಂದ್ರತೆ ಕಂಡುಹಿಡಿದ ರೀತಿ ನೋಡಿ. ಸೀಸದ ಗುಂಡುಗಳ ತಕ್ಕಡಿಯನ್ನು ಕೋಣೆಯಲ್ಲಿಟ್ಟು, ತಾನು ಒಳಗಿದ್ದರೆ ಗಾಳಿ ಕದಡುತ್ತದೆ ಅಂತ ಹೊರಗೆ ನಿಂತು, ಗೋಡೆಯ ತೂತಿನ ಮೂಲಕ ದೂರದರ್ಶಕದಲ್ಲಿ ನೋಡಿ ಅಳೆದ. 1798ರಲ್ಲಿ ಅವನು ಕೊಟ್ಟ ಉತ್ತರ, ನೀರಿನ 5.48 ಪಟ್ಟು. ಈಗಿನ ಲೆಕ್ಕ 5.51. ತಾನಿಲ್ಲದ ಕೋಣೆಯಲ್ಲಿ ಏನಾಗುತ್ತದೆ ಅಂತ ಹೊರಗೆ ನಿಂತು ನೋಡುವ ಈ ಉಪಾಯ ಬೇರೆ ಯಾರಿಗೆ ಹೊಳೆಯಬೇಕು ಹೇಳಿ!

ಇದೇ ಮನುಷ್ಯ ವಿದ್ಯುತ್ತನ್ನೂ ಅಳೆದಿದ್ದ. ಅಳೆಯುವ ಯಂತ್ರ ಇರಲಿಲ್ಲ, ಹಾಗಾಗಿ ತನ್ನ ಮೈಮೇಲೆಯೇ ಶಾಕ್ ಹಾಯಿಸಿಕೊಂಡು, ಇದು ಅದಕ್ಕಿಂತ ಜೋರು, ಇದು ಅದಕ್ಕಿಂತ ಮೆಲ್ಲಗೆ ಅಂತ ಬರೆದಿಟ್ಟ. ಆ ಖಾಲಿ ಕೋಣೆಯವರು ಯೋಚನೆಯಿಂದ ತಪ್ಪಿಸಿಕೊಳ್ಳಲು ಶಾಕ್ ಕೊಟ್ಟುಕೊಂಡರು, ಇವನು ಯೋಚನೆಯ ಬೆನ್ನು ಹತ್ತಿ ಕೊಟ್ಟುಕೊಂಡ. ಬರೆದದ್ದನ್ನು ಏನು ಮಾಡಿದ? ಒಳಗೆ ಇಟ್ಟ. 1810ರಲ್ಲಿ ತೀರಿಕೊಂಡ. ಆ ಹಾಳೆಗಳಲ್ಲಿದ್ದ ವಿದ್ಯುತ್ತಿನ ನಿಯಮವನ್ನೇ ಗೇಯಾರ್ಗ್ ಓಮ್ ಎಂಬ ಜರ್ಮನ್ ವಿಜ್ಞಾನಿ ತನ್ನ ಪಾಡಿಗೆ ತಾನು ಕಂಡುಹಿಡಿದು 1827ರಲ್ಲಿ ಅಚ್ಚು ಹಾಕಿಸಿದ. ಶಾಲೆಯಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ್ದು ಅವನ ಹೆಸರಿನ ನಿಯಮವನ್ನೇ. ಮ್ಯಾಕ್ಸ್‌ವೆಲ್ ಎಂಬ ದೊಡ್ಡ ವಿಜ್ಞಾನಿ ಕ್ಯಾವೆಂಡಿಷ್‌ನ ಹಾಳೆಗಳನ್ನು ಬಿಡಿಸಿ ಓದಿ, ಪ್ರಯೋಗಗಳನ್ನು ಮತ್ತೆ ಮಾಡಿ ನೋಡಿ, ಪ್ರಕಟಿಸುವ ಹೊತ್ತಿಗೆ 1879.

ಇದನ್ನು ಜನ ಸಾಮಾನ್ಯವಾಗಿ ಮೆಚ್ಚುಗೆಯಿಂದ ಹೇಳುತ್ತಾರೆ, ಕೀರ್ತಿ ಬೇಡದ ಮಹಾನುಭಾವ ಅಂತ. ನನಗೂ ಅವನ ಮೇಲೆ ಪ್ರೀತಿ ಇದೆ. ಆದರೆ ಈಚೆಗೆ ಸಿಟ್ಟೂ ಬರುತ್ತದೆ. ಅವನಿಗೆ ಗೊತ್ತಿತ್ತು, ಬೇಕಾದವರಿಗೆ ಗೊತ್ತಾಗಲಿಲ್ಲ. ತನಗೆ ಅರ್ಥವಾದ ಕ್ಷಣಕ್ಕೇ ಅವನ ಮಟ್ಟಿಗೆ ಕೆಲಸ ಮುಗಿದಿತ್ತೇನೋ. ನಾನೂ ಹಾಗೇ ಅಲ್ವಾ? ಅಕ್ಕ ಆಸ್ಪತ್ರೆಯಲ್ಲಿದ್ದಾಗ ಪಕ್ಕದಲ್ಲಿ ಕೂತು, ನೀನಿಲ್ಲದಿದ್ದರೆ ನನಗೆ ಏನೂ ತೋಚುವುದಿಲ್ಲ ಅಂತ ಎಷ್ಟು ಸಲ ಹೇಳಿದ್ದೆ, ಎಷ್ಟು ಒಳ್ಳೆಯ ಮಾತುಗಳಲ್ಲಿ! ಒಂದೂ ಬಾಯಿಂದ ಹೊರಗೆ ಬಂದಿರಲಿಲ್ಲ. ಬಂದದ್ದು "ನೀರು ಬೇಕಾ?" ಅನ್ನುವುದೊಂದೇ.

ಪಾಲ್ ಡಿರಾಕ್ ಎಂಬ ಭೌತವಿಜ್ಞಾನಿಯ ಬಗ್ಗೆ ಕೇಂಬ್ರಿಡ್ಜ್‌ನ ಗೆಳೆಯರು ಒಂದು ತಮಾಷೆ ಮಾಡುತ್ತಿದ್ದರಂತೆ. ಗಂಟೆಗೆ ಒಂದು ಪದ ಆಡಿದರೆ ಅದು ಒಂದು 'ಡಿರಾಕ್'. 1933ರಲ್ಲಿ ನೊಬೆಲ್ ಬಂದಾಗ ಪ್ರಚಾರಕ್ಕೆ ಹೆದರಿ ಬೇಡ ಅನ್ನಲು ಹೊರಟಿದ್ದ. ಬೇಡ ಅಂದರೆ ಇನ್ನೂ ಜಾಸ್ತಿ ಪ್ರಚಾರ ಆಗುತ್ತದೆ ಅಂತ ಹಿರಿಯ ವಿಜ್ಞಾನಿ ರುದರ್ಫರ್ಡ್ ಬುದ್ಧಿ ಹೇಳಿದ ಮೇಲೆ ಒಪ್ಪಿಕೊಂಡ. ನನ್ನ ಅಳತೆ ಎಷ್ಟು ಡಿರಾಕ್ ಅಂತ ಅಕ್ಕನನ್ನು ಕೇಳಿದೆ. ನನ್ನ ಹತ್ತಿರ ಎರಡು, ಬೆಕ್ಕಿನ ಹತ್ತಿರ ನಲವತ್ತು ಅಂದಳು.

ರಾಜೀನಾಮೆಯ ಜಗಳ ಆರಿದ ಮೇಲೆ ಒಂದು ದಿನ ಅವಳನ್ನು ಕೇಳಿದ್ದೆ, ನಿನ್ನ ತಲೆಯೊಳಗೆ ಏನು ನಡೆಯುತ್ತಿರುತ್ತದೆ ಅಂತ. ನಿಜ ಹೇಳಬೇಕೆಂದರೆ ಸ್ವಲ್ಪ ಕೀಳಾಗಿ ನೋಡಿಯೇ ಕೇಳಿದ್ದೆ. ಮಾತುಗಾರರ ಒಳಗೆ ಅಂಥದ್ದೇನು ಇರುತ್ತದೆ ಅನ್ನುವ ಜಂಬ ನಮ್ಮಂಥವರಿಗೆ ಇರುತ್ತದೆ. ಅವಳು ಯೋಚನೆ ಮಾಡಿದಳು, ಜೋರಾಗಿ, ನನ್ನ ಎದುರಿಗೇ. "ಏನೂ ಕೇಳಿಸಲ್ಲ ಕಣೇ. ಬಾಯಿ ಬಿಟ್ಟ ಮೇಲೇ ನನಗೆ ಗೊತ್ತಾಗೋದು ನಾನು ಏನು ಅಂದುಕೊಂಡಿದ್ದೀನಿ ಅಂತ. ಅದಕ್ಕೇ ಅಷ್ಟು ಮಾತಾಡ್ತೀನಿ. ಕೆಲವು ಸಲ ನಾನು ಹೇಳಿದ್ದು ಕೇಳಿ ನನಗೇ ಆಶ್ಚರ್ಯ ಆಗುತ್ತೆ."

ನಾನು ನಂಬಲಿಲ್ಲ. ಹುಡುಕಿದರೆ, ಇದ್ದಾರೆ ಅಂಥವರು. ರಸೆಲ್ ಹರ್ಲ್‌ಬರ್ಟ್ ಎಂಬ ಅಮೆರಿಕದ ಮನೋವಿಜ್ಞಾನಿ 1970ರ ದಶಕದಿಂದ ಜನರ ಜೇಬಿಗೆ ಒಂದು ಬೀಪರ್ ಹಾಕಿ ಕಳಿಸುತ್ತಿದ್ದಾನೆ. ದಿನದಲ್ಲಿ ಯಾವಾಗಲೋ ಅದು ಕೂಗುತ್ತದೆ. ಕೂಗುವ ಮುಂಚಿನ ಕ್ಷಣದಲ್ಲಿ ಒಳಗೆ ಏನಿತ್ತು ಅಂತ ಬರೆಯಬೇಕು. ಕೆಲವರೊಳಗೆ ಮಾತು, ಕೆಲವರೊಳಗೆ ಚಿತ್ರ, ಕೆಲವರೊಳಗೆ ಮಾತೂ ಚಿತ್ರವೂ ಇಲ್ಲದ ಬರೀ ಯೋಚನೆ. ಒಳಗಿನ ದನಿ ಹೆಚ್ಚುಕಡಿಮೆ ಇಲ್ಲವೇ ಇಲ್ಲದವರೂ ಇದ್ದಾರೆ. ತಮ್ಮ ಒಳಗೆ ಏನಿರುತ್ತದೆ ಅಂತ ಜನ ಮೊದಲು ಹೇಳಿದ್ದಕ್ಕೂ ಬೀಪರ್ ತೋರಿಸಿದ್ದಕ್ಕೂ ಎಷ್ಟೋ ಸಲ ತಾಳೆಯೇ ಆಗುವುದಿಲ್ಲ. ಇನ್ನೊಂದು ವಿಷಯ ನನ್ನ ಜಂಬಕ್ಕೆ ಸರಿಯಾದ ಪೆಟ್ಟು ಕೊಟ್ಟಿತು. ಸ್ವಭಾವವನ್ನು ಐದು ಗುಣಗಳಲ್ಲಿ ಅಳೆಯುವ ಪದ್ಧತಿಯಲ್ಲಿ ಕಲ್ಪನಾಶಕ್ತಿಯ ಲೆಕ್ಕ ಬೇರೆ, ಅಂತರ್ಮುಖ-ಬಹಿರ್ಮುಖದ ಲೆಕ್ಕವೇ ಬೇರೆ. ಮಾತು ಕಡಿಮೆ ಅಂದಮಾತ್ರಕ್ಕೆ ಒಳಗೆ ರೈಲು ಓಡುತ್ತಿರಬೇಕು ಅಂತೇನೂ ಇಲ್ಲ. ಬಾಯಿ ತುಂಬ ಮಾತಾಡುವವರ ಒಳಗೂ ಓಡುತ್ತಿರಬಹುದು.

ಅಕ್ಕನ ಲೋಕ ಹೊರಗಿದೆ, ಎಲ್ಲರ ಮುಂದೆ ಹರಡಿಕೊಂಡಿದೆ. ಅವಳು ಯೋಚಿಸುವಾಗ ಪಕ್ಕದಲ್ಲಿ ಕೂತವರು ಅದರೊಳಗೆ ಓಡಾಡಬಹುದು, ಇಷ್ಟವಾದರೆ ಒಂದು ಕಲ್ಲು ಅತ್ತಿಂದಿತ್ತ ಸರಿಸಲೂಬಹುದು. ನಾನು ನಲವತ್ತು ವರ್ಷ ಅದನ್ನು ಗಲಾಟೆ ಅಂತ ಕರೆದೆ.

ಈ ಬರಹವನ್ನು ಹಾಕುವ ಮುಂಚೆ ಮೊದಲು ಅವಳಿಗೇ ಕಳಿಸಿದೆ. ಕಳಿಸಿದ ಮೇಲೆ ಎಂದಿನ ಹಾಗೆ ತಾಲೀಮು ಶುರುವಾಯಿತು. ಆಸ್ಪತ್ರೆಯ ವಿಷಯ ಕೇಳುತ್ತಾಳೆ, ಅದಕ್ಕೆ ಒಂದು ಉತ್ತರ. ಬೆಕ್ಕಿನ ವಿಷಯ ಯಾಕೆ ಹಾಕಿದೆ ಅಂತಾಳೆ, ಅದಕ್ಕೊಂದು. ಅಳುತ್ತಾಳೇನೋ, ಆಗ ಏನನ್ನಬೇಕು ಅಂತ ಎರಡು ಮೂರು ಬಗೆ. ಒಂದು ಗಂಟೆಯಾದ ಮೇಲೆ ಫೋನು ಬಂತು.

"ಆ ಏಳನೇ ಸ್ಟೇಷನ್ ಮಾಸ್ತರರಿಗೆ ಹೆಸರಿಲ್ವಾ?" ಅಂದಳು.

ಹದಿನಾಲ್ಕು ನಿಲ್ದಾಣಕ್ಕೂ ಹೆಸರಿತ್ತು. ಮರಗಳು ಯಾವ ಜಾತಿಯವು ಅಂತಲೂ ಗೊತ್ತಿತ್ತು. ಆ ಮನುಷ್ಯನಿಗೆ ಒಂದು ಹೆಸರು ಬೇಕು ಅಂತ ನನಗೆ ಇಷ್ಟು ವರ್ಷ ಹೊಳೆದೇ ಇರಲಿಲ್ಲ.

"ಇಲ್ಲ" ಅಂದೆ.

ಆ ಕಡೆಯಿಂದ ಅವಳು ಆಗಲೇ ಒಂದೊಂದಾಗಿ ಹೆಸರು ಹೇಳತೊಡಗಿದ್ದಳು.